‘ಹೊಂದಿಕೊಳ್ಳುತ್ತವೆ’ ಎಂಬ ಉತ್ತರ: ಒಂದು ಪಾಠದ ವಿಮರ್ಶೆ

ಪರಿಸರ ಬದಲಾದಾಗ ಜೀವಿಗಳಿಗೆ ಏನಾಗುತ್ತದೆ ಎಂದು ಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಹೊಂದಿಕೊಳ್ಳುತ್ತವೆ’. ಒಂಟೆ ಮರುಭೂಮಿಗೆ ಹೊಂದಿಕೊಂಡಿದೆ, ಮೀನು ನೀರಿಗೆ ಹೊಂದಿಕೊಂಡಿದೆ, ಹಿಮಕರಡಿ ಹಿಮಕ್ಕೆ ಹೊಂದಿಕೊಂಡಿದೆ. ಪರೀಕ್ಷೆಯಲ್ಲಿ ಇಂತಹ ಉತ್ತರಕ್ಕೆ ಅಂಕಗಳೂ ದೊರೆಯುತ್ತವೆ. ಉತ್ತರ ತಪ್ಪೆಂದು ಹೇಳಲಾಗದು. ಆದರೆ ಅದು ಎಷ್ಟು ಅಪೂರ್ಣ, ಮತ್ತು ಆ ಅಪೂರ್ಣತೆಯಿಂದ ಮಗುವಿನ ಮನಸ್ಸಿನಲ್ಲಿ ಎಂತಹ ಭಾವನೆ ಬೇರೂರುತ್ತದೆ ಎಂಬುದು ವಿಚಾರಾರ್ಹವಾಗಿದೆ.

‘ಹೊಂದಿಕೊಳ್ಳುವುದು’ ಎಂಬುದು ಕನ್ನಡದಲ್ಲಿ ಮನೆಮಾತಿನ ಪದ. ಮದುವೆಯಾಗಿ ಬಂದ ಸೊಸೆ ಅತ್ತೆಯ ಮನೆಗೆ ಹೊಂದಿಕೊಳ್ಳುತ್ತಾಳೆ. ವರ್ಗವಾಗಿ ಬಂದ ನೌಕರ ಹೊಸ ಊರಿನ ನೀರು ಗಾಳಿಗೆ ಹೊಂದಿಕೊಳ್ಳುತ್ತಾನೆ. ಪೇಟೆ ಬದಲಾದರೆ ವ್ಯಾಪಾರಿ ಹೊಸ ಗಿರಾಕಿಗಳ ರೀತಿನೀತಿಗೆ ಹೊಂದಿಕೊಳ್ಳುತ್ತಾನೆ. ಇವರೆಲ್ಲರೂ ಬದುಕಿ ಉಳಿದವರು; ತಾವಾಗಿ ತಮ್ಮ ನಡೆಯನ್ನು ತಿದ್ದಿಕೊಂಡವರು. ಮಗು ತರಗತಿಗೆ ಬರುವಾಗ ಈ ಅರ್ಥವನ್ನೇ ಹೊತ್ತು ಬರುತ್ತದೆ. ಜೀವವಿಜ್ಞಾನವು ಅದೇ ಪದವನ್ನು ಬಹುಮಟ್ಟಿಗೆ ಬೇರೆಯೇ ಆದ ಅರ್ಥದಲ್ಲಿ ಬಳಸುತ್ತದೆ ಎಂಬುದನ್ನು ಪಾಠವು ಸ್ಪಷ್ಟಪಡಿಸದಿದ್ದರೆ, ಪಾಠ ಮುಗಿದ ಮೇಲೂ ಮಗುವಿನಲ್ಲಿ ಉಳಿಯುವುದು ಮನೆಯ ಅರ್ಥವೇ.

ಈ ಮಾತಿಗೆ ನಿದರ್ಶನವಾಗಿ ಒಂದು ಪ್ರಸಿದ್ಧ ಪಾಠವನ್ನು ಪರಿಶೀಲಿಸಬಹುದು. ಇಂಗ್ಲೆಂಡಿನ ‘ಪೆಪ್ಪರ್ಡ್ ಮಾತ್’ ಎಂಬ ಪತಂಗದ ಕಥೆಯು ಅನೇಕ ದಶಕಗಳಿಂದ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಸ್ಥಾನ ಪಡೆದಿದೆ. ಬಿಳಿಯ ರೆಕ್ಕೆಗಳ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿರುವುದರಿಂದ ಅದಕ್ಕೆ ಆ ಹೆಸರು. ಇದು ರಾತ್ರಿ ಹಾರಾಡಿ, ಹಗಲಿನಲ್ಲಿ ಮರದ ಮೇಲೆ ಅಲುಗಾಡದೆ ಕುಳಿತಿರುತ್ತದೆ. ಮರದ ತೊಗಟೆಯ ಮೇಲೆ ಬೂದುಬಣ್ಣದ ಕಲ್ಲುಹೂವು ಬೆಳೆದಿದ್ದಲ್ಲಿ ಬಿಳಿಯ ಪತಂಗ ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. (ಮಸಾಲೆಗೆಂದು ಕಿರಾಣಿ ಅಂಗಡಿಯಲ್ಲಿ ಮಾರುವ ಕಲ್ಲುಹೂವು ಇದೇ ವರ್ಗದ್ದು. ಮಕ್ಕಳಿಗೆ ಇದನ್ನು ಕೈಯಲ್ಲಿ ಹಿಡಿಸಿ ತೋರಿಸಿದರೆ ಅರ್ಧ ಪಾಠ ಮುಗಿದಂತೆ. ಆದರೆ ತರಗತಿಯಲ್ಲಿ ಹಾಗೆ ಮಾಡುವವರು ವಿರಳ.) ಕಾರ್ಖಾನೆಗಳ ಹೊಗೆಯಲ್ಲಿರುವ ಗಂಧಕದ ಅನಿಲಕ್ಕೆ ಕಲ್ಲುಹೂವು ಸಾಯುತ್ತದೆ, ಮಸಿ ಬಿದ್ದು ತೊಗಟೆ ಕಪ್ಪಾಗುತ್ತದೆ. ಆಗ ಬಿಳಿಯ ಪತಂಗ ಎದ್ದು ಕಾಣುತ್ತದೆ, ಕಪ್ಪು ಬಣ್ಣದ ಪತಂಗ ಮರೆಯಾಗುತ್ತದೆ. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಂದು ಕಪ್ಪು ಪತಂಗ ಸಂಗ್ರಾಹಕರ ಕೈಗೆ ಸಿಕ್ಕಿತು. 1895ರ ಹೊತ್ತಿಗೆ ಅದೇ ಊರಿನಲ್ಲಿ ನೂರಕ್ಕೆ 98 ಪತಂಗಗಳು ಕಪ್ಪಾಗಿದ್ದವು. ಇದಕ್ಕೆ ಹಕ್ಕಿಗಳೇ ಕಾರಣವಿರಬೇಕೆಂದು ಜೆ. ಡಬ್ಲ್ಯು. ಟಟ್ ಎಂಬ ಕೀಟಶಾಸ್ತ್ರಜ್ಞರು 1896ರಲ್ಲಿ ಪ್ರತಿಪಾದಿಸಿದರು.

ಎನ್.ಸಿ.ಇ.ಆರ್.ಟಿ. ಪ್ರಕಟಿಸಿದ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದ ಪುಸ್ತಕವು ಕರ್ನಾಟಕದ ಪದವಿಪೂರ್ವ ವಿದ್ಯಾರ್ಥಿಗಳಿಗೂ ಪರಿಚಿತವಾದುದು. ಅದರಲ್ಲಿ ಈ ಕಥೆ ಒಂದು ಚಿತ್ರದೊಡನೆ ಸಂಕ್ಷಿಪ್ತವಾಗಿ ಬಂದಿದೆ. ಪುಸ್ತಕದ ವಿವರಣೆಯಲ್ಲಿ ಮುಖ್ಯಾಂಶ ಸರಿಯಾಗಿದೆ: ಎರಡು ಬಗೆಯ ಪತಂಗಗಳು ಬೆರೆತಿದ್ದ ಸಮೂಹದಲ್ಲಿ ಮರೆಯಾಗಬಲ್ಲವು ಉಳಿದು ಹೆಚ್ಚಿದವು ಎಂಬುದನ್ನು ಅದು ಹೇಳುತ್ತದೆ. ಈ ಮೆಚ್ಚುಗೆಯನ್ನು ಸಲ್ಲಿಸಿಯೇ ಮುಂದಿನ ಆಕ್ಷೇಪಗಳನ್ನು ಹೇಳುವುದು ನ್ಯಾಯ.

ಮೊದಲನೆಯದು ಕಾಲದ ವಿಚಾರ. 1850ರ ದಶಕವನ್ನು ಪುಸ್ತಕವು ಕೈಗಾರಿಕೀಕರಣಕ್ಕೆ ಮುಂಚಿನ ಕಾಲವೆಂದು ಎಣಿಸಿದೆ. ಇತಿಹಾಸ ಹೀಗಿಲ್ಲ. ಆ ವೇಳೆಗೆ ಮ್ಯಾಂಚೆಸ್ಟರ್ ನಗರವು ಹತ್ತಿಯ ಗಿರಣಿಗಳ ಹೊಗೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಉಂಡಿತ್ತು. ಧಾರವಾಡ ಸೀಮೆಯ ಹತ್ತಿಯು ಕುಮಟಾ ಬಂದರಿನ ಮೂಲಕ ಸಾಗಿ, ಆ ಬಂದರಿನ ಹೆಸರಿನಿಂದಲೇ ಪೇಟೆಯಲ್ಲಿ ಕರೆಯಲ್ಪಡುತ್ತಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ 1860ರ ದಶಕದಲ್ಲಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಾಷೈರಿನ ಗಿರಣಿಗಳು ಭಾರತದ ಹತ್ತಿಯನ್ನು ಅವಲಂಬಿಸಿದವು. ಹುಬ್ಬಳ್ಳಿಯ ಒಂದು ಮಗುವಿಗೆ ಇಷ್ಟನ್ನು ಹೇಳಿದರೆ, ಇಂಗ್ಲೆಂಡಿನ ಮರ ಕಪ್ಪಾದದ್ದಕ್ಕೂ ತನ್ನ ಸೀಮೆಯ ಎರೆಹೊಲಕ್ಕೂ ಏನೋ ಸಂಬಂಧವಿದೆಯೆಂದು ಅದಕ್ಕೆ ತಿಳಿಯುತ್ತದೆ. ಪಾಠವು ದೂರದ ದೇಶದ ವಿಚಿತ್ರವಾಗಿ ಉಳಿಯುವುದಿಲ್ಲ. ಹಾಗೆಯೇ, ಹಳ್ಳಿಗಾಡಿನಲ್ಲಿ ಕಪ್ಪು ಪತಂಗಗಳು ಕಡಿಮೆಯಿದ್ದವೆಂಬ ಮಾತೂ ಎಲ್ಲ ಕಡೆಗೂ ಸಲ್ಲುವುದಿಲ್ಲ. ಇಂಗ್ಲೆಂಡಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಕಾರ್ಖಾನೆಗಳಿಲ್ಲದಿದ್ದರೂ ಕಪ್ಪು ಪತಂಗಗಳು ಹೇರಳವಾಗಿದ್ದವು. ಪಶ್ಚಿಮದಿಂದ ಬೀಸುವ ಗಾಳಿ ಹೊಗೆಯನ್ನು ಅಲ್ಲಿಗೂ ಒಯ್ಯುತ್ತಿತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಇಂತಹ ಪಾಠಗಳ ಚಿತ್ರದಲ್ಲಿ ಸಾಮಾನ್ಯವಾಗಿ ಕಾಂಡದ ಮೇಲೆ ಎರಡು ಪತಂಗಗಳು ಕುಳಿತಿರುತ್ತವೆ. ಹಕ್ಕಿ ಕಾಣುವುದಿಲ್ಲ. ಆದರೆ ಆ ಬದಲಾವಣೆಯನ್ನು ಮಾಡಿದ್ದೇ ಹಕ್ಕಿಯ ಕೊಕ್ಕು. ಆಕ್ಸ್‌ಫರ್ಡಿನ ಬರ್ನಾರ್ಡ್ ಕೆಟಲ್‌ವೆಲ್ ಅವರು 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಹೊಗೆ ಹಿಡಿದ ಕಾಡಿನಲ್ಲಿ, ರೆಕ್ಕೆಯ ಅಡಿಗೆ ಬಣ್ಣದ ಚುಕ್ಕೆಯಿಟ್ಟು ಪತಂಗಗಳನ್ನು ಬಿಟ್ಟರು. ಬಿಟ್ಟ 447 ಕಪ್ಪು ಪತಂಗಗಳಲ್ಲಿ 123 ಮರಳಿ ಸಿಕ್ಕಿದವು; 137 ಬಿಳಿಯ ಪತಂಗಗಳಲ್ಲಿ ಕೇವಲ 18. ಅಂದರೆ ಕಪ್ಪಿನವು ನೂರಕ್ಕೆ ಸುಮಾರು 27, ಬಿಳಿಯವು ಸುಮಾರು 13. 1955ರಲ್ಲಿ ಡಾರ್ಸೆಟ್ ಪ್ರಾಂತದ ಹೊಗೆಯಿಲ್ಲದ ಕಾಡಿನಲ್ಲಿ ಲೆಕ್ಕ ತಿರುಗುಮುರುಗಾಯಿತು: 496 ಬಿಳಿಯವುಗಳಲ್ಲಿ 62 ಮರಳಿದವು, 473 ಕಪ್ಪಿನವುಗಳಲ್ಲಿ 30 ಮಾತ್ರ. ಮರಳದೆ ಹೋದವುಗಳೆಲ್ಲವೂ ಹಕ್ಕಿಗೆ ಆಹಾರವಾದವೆಂದು ತಿಳಿಯಬೇಕಾಗಿಲ್ಲ. ಎಷ್ಟೋ ಪತಂಗಗಳು ಹಾರಿಹೋಗಿರುತ್ತವೆ. ಆದರೆ ಹಾರಿಹೋಗುವುದರಲ್ಲಿ ಎರಡು ಬಣ್ಣಕ್ಕೂ ಭೇದವಿಲ್ಲವಾದರೆ, ಎರಡು ಅಂಕಿಗಳ ನಡುವಿನ ಅಂತರಕ್ಕೆ ಹಕ್ಕಿಯೇ ಹೊಣೆ.

ಯಾವ ಜಮಾಖರ್ಚಿನ ಪುಸ್ತಕದಲ್ಲೂ ಜಮೆಯ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಮುಚ್ಚಿಟ್ಟರೆ ಅದನ್ನು ಲೆಕ್ಕವೆನ್ನುವುದಿಲ್ಲ. ‘ಪತಂಗಗಳು ಹೊಂದಿಕೊಂಡವು’ ಎಂಬ ವಾಕ್ಯ ಜಮೆಯ ಪುಟ ಮಾತ್ರ. ಬಿಳಿಯ ಪತಂಗಗಳು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚು ಹೆಚ್ಚಾಗಿ ತಿನ್ನಲ್ಪಟ್ಟವು. ಹೀಗಾಗಿ ಉಳಿದವುಗಳಲ್ಲಿ ಕಪ್ಪಿನ ಪಾಲು ಏರಿತು. ಜೆ. ಬಿ. ಎಸ್. ಹಾಲ್ಡೇನ್ ಅವರು (ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡವರು ಇವರೇ) 1924ರಲ್ಲಿಯೇ ಈ ಏರಿಕೆಯ ವೇಗವನ್ನು ಗಣಿತದಿಂದ ಪರಿಶೀಲಿಸಿ, ಬಿಳಿಯವು ಎರಡು ಸಂತತಿಯನ್ನು ಉಳಿಸಿದರೆ ಕಪ್ಪಿನವು ಮೂರನ್ನು ಉಳಿಸಿರಬೇಕೆಂದು ತೋರಿಸಿದರು. ಇಷ್ಟು ಸರಳವಾದ ಅನುಪಾತವನ್ನು ಏಳನೆಯ ತರಗತಿಯ ಮಗುವೂ ಗ್ರಹಿಸಬಲ್ಲದು. ಹೀಗಿದ್ದರೂ ಪಾಠಗಳಲ್ಲಿ ಅನುಪಾತಕ್ಕೆ ಬದಲು ಕ್ರಿಯಾಪದವೊಂದನ್ನೇ ಇಟ್ಟು ಮುಗಿಸುವುದು ವಾಡಿಕೆಯಾಗಿದೆ.

ಹಾಗಾದರೆ ಬದಲಾದದ್ದು ಯಾರು? ಯಾವೊಂದು ಪತಂಗವೂ ಬಿಳಿಯಿಂದ ಕಪ್ಪಿಗೆ ತಿರುಗಲಿಲ್ಲ. ಬಿಳಿಯದಾಗಿ ಹುಟ್ಟಿದ್ದು ಬಿಳಿಯದಾಗಿಯೇ ಸತ್ತಿತು. 2016ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಈ ಕಪ್ಪು ಬಣ್ಣಕ್ಕೆ ಕಾರಣ ವಂಶವಾಹಿಯ ಒಂದು ತುಣುಕು ತನ್ನ ಸ್ಥಾನ ಬಿಟ್ಟು ಬೇರೆಡೆ ಸೇರಿಕೊಂಡದ್ದು, ಒಂದು ಖಾತೆಯ ಹಾಳೆ ಕೈತಪ್ಪಿ ಮತ್ತೊಂದು ಪುಸ್ತಕದೊಳಗೆ ಹೊಲಿಗೆಯಾದಂತೆ. ಇದು ನಡೆದದ್ದು ಸುಮಾರು 1819ರಲ್ಲಿ ಎಂದು ಅಂದಾಜು. ಹೊಗೆ ಬೇಡಿತೆಂದು ಆ ತುಣುಕು ಸ್ಥಳ ಬದಲಿಸಲಿಲ್ಲ. ಅದು ಆಕಸ್ಮಿಕವಾಗಿ ಆಯಿತು. ಹೊಗೆ ಕವಿದಿದ್ದ ನಾಡಿನಲ್ಲಿ ಅಂಥದೊಂದು ಭೇದಕ್ಕೆ ಬೆಲೆ ಬಂತು. ಹೊಗೆಯಿಲ್ಲದ ಸೀಮೆಯಲ್ಲಿ ಅದೇ ಬಣ್ಣ ಆ ಪತಂಗಕ್ಕೆ ಮೃತ್ಯುವಾಗುತ್ತಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ, ಅದನ್ನು ಅಧ್ಯಾಪಕರು ಬಳಸಿಕೊಳ್ಳದಿರುವುದು ದೊಡ್ಡ ನಷ್ಟ. ಇದೇ ಪತಂಗದ ಮರಿಹುಳು, ಕಡ್ಡಿಯಂತೆ ಕಾಣುವ ಕಂಬಳಿಹುಳುವಿನ ಜಾತಿಯದು, ತಾನು ಕುಳಿತ ರೆಂಬೆಯ ಬಣ್ಣಕ್ಕೆ ತಕ್ಕಂತೆ ತನ್ನ ಮೈಬಣ್ಣವನ್ನು ನಿಜವಾಗಿಯೂ ಬದಲಿಸಿಕೊಳ್ಳುತ್ತದೆ. ಅದರ ಕಣ್ಣುಗಳಿಗೆ ಬಣ್ಣ ಬಳಿದು ಮುಚ್ಚಿದಾಗಲೂ ಅದು ರೆಂಬೆಯ ಬಣ್ಣವನ್ನು ಅರಿಯುತ್ತದೆಂದು, ಅಂದರೆ ಚರ್ಮದಿಂದಲೇ ಬೆಳಕನ್ನು ಗ್ರಹಿಸುತ್ತದೆಂದು, 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಹೀಗೆ ಒಂದೇ ಜೀವಿಯ ಬಾಳಿನಲ್ಲಿ ಎರಡೂ ಸಂಗತಿಗಳಿವೆ. ಹುಳುವಿನ ಅವಸ್ಥೆಯಲ್ಲಿ ಅದು ಮನೆಮಾತಿನ ಅರ್ಥದಲ್ಲಿ ಹೊಂದಿಕೊಳ್ಳುತ್ತದೆ. ರೆಕ್ಕೆ ಬಂದ ಮೇಲೆ ಹೊಂದಿಕೊಳ್ಳಲಾರದು, ಹುಟ್ಟಿದ ಬಣ್ಣದೊಡನೆಯೇ ಬಾಳಬೇಕು ಅಥವಾ ಸಾಯಬೇಕು. ಒಂದು ಪದದ ಎರಡು ಅರ್ಥಗಳನ್ನು ಬಿಡಿಸಿ ತೋರಿಸಲು ಇದಕ್ಕಿಂತ ಉತ್ತಮವಾದ ಉದಾಹರಣೆ ದುರ್ಲಭ.

ಕೆಟಲ್‌ವೆಲ್ ಅವರ ಪ್ರಯೋಗದ ಬಗ್ಗೆ ಬಂದ ಟೀಕೆಗಳನ್ನು ಮಕ್ಕಳಿಂದ ಮರೆಮಾಡುವುದೂ ಸರಿಯಲ್ಲ. ಅವರು ಹಗಲಿನಲ್ಲಿ ಪತಂಗಗಳನ್ನು ಕಾಂಡಗಳ ಮೇಲೆ ತಂದಿರಿಸಿದರು, ಪುಸ್ತಕಗಳಲ್ಲಿ ಬಂದ ಚಿತ್ರಗಳಲ್ಲಿ ಅನೇಕವು ಸತ್ತ ಪತಂಗಗಳನ್ನು ಅಂಟಿಸಿ ತೆಗೆದವು ಎಂಬ ಆಕ್ಷೇಪಗಳು ನಿಜವೇ ಆಗಿದ್ದವು. 1990ರ ದಶಕದ ಕೊನೆಯಲ್ಲಿ ಇದು ದೊಡ್ಡ ವಿವಾದವಾಯಿತು. ಕೇಂಬ್ರಿಜ್‌ನ ಮೈಕೆಲ್ ಮಜೆರಸ್ ಅವರು ವಾಗ್ವಾದಕ್ಕೆ ನಿಲ್ಲದೆ, 2001ರಿಂದ 2007ರವರೆಗೆ 4,864 ಪತಂಗಗಳನ್ನು ಬಳಸಿ ಪ್ರಯೋಗವನ್ನು ಹೊಸದಾಗಿ ನಡೆಸಿದರು. ಪತಂಗಗಳು ಸಹಜವಾಗಿ ಎಲ್ಲಿ ಕೂರುತ್ತವೆಂದೂ ಮರ ಹತ್ತಿ ನೋಡಿದರು: ಅರ್ಧಕ್ಕಿಂತ ಹೆಚ್ಚಿನವು ಕೊಂಬೆಗಳ ಮೇಲೆ, ಮೂರನೆಯ ಒಂದಂಶಕ್ಕಿಂತ ಹೆಚ್ಚಿನವು ಕಾಂಡಗಳ ಮೇಲೆ. ಹಕ್ಕಿಗಳು ತಿನ್ನುವುದನ್ನು ಕಣ್ಣಾರೆ ಕಂಡು ದಾಖಲಿಸಿದರು. ಅವರು 2009ರಲ್ಲಿ ನಿಧನರಾದರು. ಫಲಿತಾಂಶವನ್ನು ಸಹವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಹಳೆಯ ನಿರ್ಣಯವೇ ದೃಢಪಟ್ಟಿತು. ಆ ವೇಳೆಗೆ ಪರಿಸ್ಥಿತಿ ಹಿಂದುಮುಂದಾಗಿತ್ತು. 1952ರ ಲಂಡನ್ ಹೊಗೆಮಂಜಿನ ದುರಂತದ ಬಳಿಕ 1956ರಲ್ಲಿ ಬಂದ ಶುದ್ಧ ಗಾಳಿಯ ಕಾಯಿದೆಯಿಂದ ಮರಗಳು ಮತ್ತೆ ಬೆಳ್ಳಗಾಗತೊಡಗಿದವು. ಲಿವರ್‌ಪೂಲ್ ಸಮೀಪದಲ್ಲಿ 1959ರಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿದ್ದ ಕಪ್ಪು ಪತಂಗಗಳು 1990ರ ದಶಕದ ನಡುವಿಗೆ ಐದನೆಯ ಒಂದಂಶಕ್ಕಿಂತಲೂ ಕೆಳಗಿಳಿದವು. ಈ ಸಲ ತಿನ್ನಲ್ಪಟ್ಟವು ಕಪ್ಪಿನವು.

ಮೂರನೆಯ ಆಕ್ಷೇಪವೇ ಈ ವಿಮರ್ಶೆಯ ತಿರುಳು. ಯಾವ ಭೇದವೂ ಸಂಪೂರ್ಣವಾಗಿ ಅಳಿದುಹೋಗುವುದಿಲ್ಲ ಎಂದು ನೆನಪಿಡುವಂತೆ ಆ ಪುಸ್ತಕವು ಪತಂಗದ ಕಥೆಯ ಕೊನೆಯಲ್ಲಿ ವಿದ್ಯಾರ್ಥಿಗೆ ಹೇಳುತ್ತದೆ. ಪತಂಗದ ಎರಡು ಬಣ್ಣಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಆದರೆ ಅದನ್ನು ನಿಯಮದ ಧಾಟಿಯಲ್ಲಿ ಹೇಳಿದಾಗ, ಹದಿನೇಳು ವರ್ಷದ ವಿದ್ಯಾರ್ಥಿಗೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ: ಮನುಷ್ಯರು ಏನು ಮಾಡಿದರೂ ಜೀವಿಗಳು ಹೇಗೋ ಉಳಿದುಕೊಳ್ಳುತ್ತವೆ, ಹೊಗೆ ಬಿಟ್ಟರೆ ಕಪ್ಪಾಗುತ್ತವೆ, ಹೊಗೆ ನಿಲ್ಲಿಸಿದರೆ ಬೆಳ್ಳಗಾಗುತ್ತವೆ. ಹೊಗೆ ಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಜಾಮೀನು ಬೇಕಿಲ್ಲ.

ಈ ಪಾಠದ ಮಗ್ಗುಲಲ್ಲಿ ಇರಿಸಬೇಕಾದ ಇನ್ನೊಂದು ಪಾಠ ಭಾರತದಲ್ಲಿಯೇ ಇದೆ. 1990ರ ದಶಕದಲ್ಲಿ ದನಗಳ ನೋವು, ಬಾವುಗಳಿಗೆ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧವನ್ನು ಕೊಡುವುದು ವ್ಯಾಪಕವಾಯಿತು. ಔಷಧ ಪಡೆದ ದನ ಸತ್ತರೆ, ಅದರ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು, ಕೆಲವೇ ದಿನಗಳಲ್ಲಿ ಅವು ಸಾಯುತ್ತಿದ್ದವು. ಭರತಪುರದ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಅವರು ಈ ಕ್ಷಯವನ್ನು ಮೊದಲು ಗುರುತಿಸಿದರು. ಔಷಧವೇ ಕಾರಣವೆಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ 2004ರಲ್ಲಿ ತಿಳಿದುಬಂತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಮಿಕ್ಕಿ ಇಲ್ಲವಾದವು. ಉದ್ದಕೊಕ್ಕಿನ ಜಾತಿಯಲ್ಲಿಯೂ ನೂರಕ್ಕೆ ಸುಮಾರು 97. ಎಲ್ಲ ಕಳೇಬರಗಳಲ್ಲಿಯೂ ವಿಷವಿರಬೇಕಾಗಿರಲಿಲ್ಲ. ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರಗಳಲ್ಲಿ ಮಾರಕ ಪ್ರಮಾಣದ ಔಷಧವಿದ್ದರೂ ಇಷ್ಟು ಹಾನಿಗೆ ಸಾಕೆಂದು ಲೆಕ್ಕ ಹಾಕಲಾಗಿದೆ. ಒಂದು ಕಳೇಬರಕ್ಕೆ ಇಡೀ ಹಿಂಡೇ ಇಳಿಯುತ್ತದಷ್ಟೆ.

ರಣಹದ್ದು ಏಕೆ ಪತಂಗದಂತೆ ‘ಹೊಂದಿಕೊಳ್ಳಲಿಲ್ಲ’? ಇದೇ ಮಕ್ಕಳ ಮುಂದಿಡಬೇಕಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರವೂ ಬಹುಮಟ್ಟಿಗೆ ಅಂಕಗಣಿತದಲ್ಲಿದೆ. ಪತಂಗಕ್ಕೆ ವರ್ಷಕ್ಕೊಂದು ಪೀಳಿಗೆ. ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. 1848ರಿಂದ 1895ರವರೆಗೆ ಅದಕ್ಕೆ 47 ಪೀಳಿಗೆಗಳ ಅವಕಾಶ ದೊರೆಯಿತು, ಮತ್ತು ಬೇಕಾದ ಭೇದ ಸಮೂಹದಲ್ಲಿ ಮೊದಲೇ ಇತ್ತು. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಮರಿ ಬೆಳೆದು ತಾನು ಮೊಟ್ಟೆಯಿಡಲು ಸುಮಾರು ಐದು ವರ್ಷ ಹಿಡಿಯುತ್ತದೆ. ಹದಿನೈದು ವರ್ಷವೆಂದರೆ ಅದಕ್ಕೆ ಮೂರು ಪೀಳಿಗೆ. ಮೂರು ಪೀಳಿಗೆಯಲ್ಲಿ, ಅದೂ ಇಂತಹ ಕಗ್ಗೊಲೆಯ ನಡುವೆ, ಯಾವ ಭೇದಕ್ಕೂ ತಲೆಯೆತ್ತಲು ಸಮಯವಿರಲಿಲ್ಲ. ಬದಲಾವಣೆಯ ವೇಗ, ಪೀಳಿಗೆಯ ವೇಗ, ಸಮೂಹದೊಳಗಿನ ವೈವಿಧ್ಯ: ಈ ಮೂರನ್ನು ಒಟ್ಟಿಗೆ ಇಟ್ಟು ನೋಡದೆ ಹೊಂದಿಕೆಯ ಮಾತನ್ನು ಎತ್ತುವುದೇ ತಪ್ಪು. ಇಲ್ಲಿ ಕಡೆಗೂ ಬದಲಾಗಬೇಕಾಗಿ ಬಂದದ್ದು ಮನುಷ್ಯರ ನಡೆ. ಪಶುಗಳಿಗೆ ಈ ಔಷಧದ ತಯಾರಿಕೆಯನ್ನು ಭಾರತವು 2006ರಲ್ಲಿ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ನಿರಪಾಯಕರವಾದ ಬದಲಿ ಔಷಧವಿತ್ತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಇನ್ನೆರಡು ಔಷಧಗಳೂ ಪಶುಬಳಕೆಯಿಂದ ಹೊರಬಿದ್ದವು. ಕಾಯಿದೆಯನ್ನು ಕಳ್ಳದಾರಿಯಲ್ಲಿ ಸೋಲಿಸುವ ವ್ಯಾಪಾರ ಯಾವಾಗಲೂ ಇರುತ್ತದೆಂಬುದಕ್ಕೆ ಈ ಸೀಸೆಯ ವೃತ್ತಾಂತವೇ ಸಾಕು. ಅದನ್ನೂ ಮಕ್ಕಳಿಗೆ ಹೇಳಬಹುದು.

ಪರಿಸರ ಶಿಕ್ಷಣವು ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ನಿರ್ದೇಶಿಸಿತು. ಅಲ್ಲಿಂದೀಚೆಗೆ ಪಾಠಗಳ ಸಂಖ್ಯೆ ಹೆಚ್ಚಿರುವುದು ನಿಜ. ಆದರೆ ಸಂಖ್ಯೆಯಿಂದ ತಿರುಳು ಬರುವುದಿಲ್ಲ. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಲಾಯಿತು. ಅನುವಂಶೀಯತೆ ಮಾತ್ರ ಉಳಿಯಿತು. ಹಾಗೆ ಓದಿ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಂಡ ವಿದ್ಯಾರ್ಥಿಗೆ ಉಳಿಯುವುದು ಕೆಳಗಿನ ತರಗತಿಯ ಒಂಟೆ, ಮೀನು, ಹಿಮಕರಡಿಯ ಚಿತ್ರಗಳು ಮಾತ್ರ. ನಾಳೆ ಕಾರ್ಖಾನೆ ಕಟ್ಟುವವರು, ಔಷಧ ಮಾರುವವರು, ಕೆರೆಯ ಪಕ್ಕದ ನಿವೇಶನಕ್ಕೆ ಸಹಿ ಹಾಕುವವರು ಬಹುಪಾಲು ಈ ವಿದ್ಯಾರ್ಥಿಗಳೇ.

ಅನೇಕ ಶಾಲೆಗಳಲ್ಲಿ ಈ ವಿಷಯವನ್ನು ಆಟದ ಮೂಲಕ ಕಲಿಸುವ ಪದ್ಧತಿಯಿದೆ. ಸುದ್ದಿಪತ್ರಿಕೆಯ ಹಾಳೆಯ ಮೇಲೆ ಬಿಳಿಯ, ಕಪ್ಪು, ಅಚ್ಚಾದ ಕಾಗದದ ತುಣುಕುಗಳನ್ನು ಹರಡಿ, ಮಕ್ಕಳು ಹಕ್ಕಿಗಳಾಗಿ ಅರ್ಧ ನಿಮಿಷದಲ್ಲಿ ಆದಷ್ಟನ್ನು ಹೆಕ್ಕುತ್ತಾರೆ. ಯಾವ ಕೀಟವನ್ನೂ ಸೂಜಿಗೆ ಚುಚ್ಚದೆ ನಡೆಯುವ ಈ ಆಟ ಶ್ಲಾಘ್ಯವೇ. ಒಂದು ತಿದ್ದುಪಡಿ ಮಾತ್ರ ಬೇಕು. ಆಟದ ಕೊನೆಯಲ್ಲಿ ಹೆಚ್ಚು ಹೆಕ್ಕಿದ ಮಗುವಿಗೆ ಚಪ್ಪಾಳೆ ತಟ್ಟಿ ಮುಗಿಸುವ ಬದಲು, ಹಾಳೆಯ ಮೇಲೆ ಉಳಿದವುಗಳನ್ನೂ ಕೈಯಲ್ಲಿ ಬಂದವುಗಳನ್ನೂ ಎರಡು ಅಂಕಣಗಳಲ್ಲಿ ಬರೆಯಿಸಬೇಕು. ಉಳಿದವುಗಳಿಗೆ ಮೂರು ಪಟ್ಟು ಮರಿಗಳನ್ನು ಸೇರಿಸಿ ಮತ್ತೆ ಆಡಿಸಬೇಕು. ನಂತರ ಮರಿಗಳನ್ನು ಸೇರಿಸದೆಯೂ ಒಮ್ಮೆ ಆಡಿಸಬೇಕು. ಎರಡನೆಯ ಆಟ ಎಷ್ಟು ಬೇಗ ಮುಗಿದುಹೋಗುತ್ತದೆಂಬುದನ್ನು ಮಕ್ಕಳೇ ಕಾಣುತ್ತಾರೆ.

ಬೆಂಗಳೂರಿನ ಶಾಲೆಗಳಿಗೆ ರಾಮನಗರ ದೂರವೇನಲ್ಲ. ಅಲ್ಲಿಯ ರಾಮದೇವರಬೆಟ್ಟದ ಬಂಡೆಗಳ ಅಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತಿದ್ದುದರಿಂದಲೇ 2012ರಲ್ಲಿ ಅದನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು, ದೂರದಿಂದಲೇ ಕಂಡಷ್ಟು ಹಕ್ಕಿಗಳನ್ನು ಎಣಿಸಿಸಿ ಬರೆಯಿಸಬೇಕು. ಹಿಂದಿರುಗುವ ದಾರಿಯಲ್ಲಿ ಯಾವುದಾದರೊಂದು ಹಳ್ಳಿಯಲ್ಲಿ ನಿಂತು, ಎಪ್ಪತ್ತು ದಾಟಿದ ರೈತರೊಬ್ಬರನ್ನು ಕಂಡು, ಅವರ ಹರೆಯದಲ್ಲಿ ಸತ್ತ ಎತ್ತನ್ನು ಊರಾಚೆ ಹಾಕಿದ ದಿನ ಎಷ್ಟು ಹದ್ದುಗಳು ಇಳಿಯುತ್ತಿದ್ದವೆಂದು ಮಕ್ಕಳಿಂದಲೇ ಕೇಳಿಸಿ, ಆ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ, ಮೊದಲಿನ ಸಂಖ್ಯೆಯ ಪಕ್ಕದಲ್ಲಿ ಬರೆಯಿಸಬೇಕು.